ಫೋನಿಗೆ ಬೇರೆ ಸಾಫ್ಟ್‌ವೇರ್ ಹಾಕಿಸೋಣವೇ?



ಫೋನು ಸ್ವಲ್ಪ ನಿಧಾನವಾಯಿತೆಂದರೆ ಸಾಕು, "ಕೊಡಮ್ಮ, ರೂಟ್ ಮಾಡಿಬಿಡ್ತೀನಿ" ಅಂತ ಮನೆಯ ಹುಡುಗರು ಕೈ ಚಾಚುತ್ತಾರೆ. ಹಾಗೆಂದರೇನು, ಕೊಡಬಹುದೇ ಬಾರದೇ ಎಂಬುದನ್ನು ಈ ಸಲ ನೋಡೋಣ.

ಫೋನು ತಯಾರಿಸಿದವರು ಅದರ ಮುಖ್ಯ ಸಾಫ್ಟ್‌ವೇರಿಗೆ ಬೀಗ ಹಾಕಿರುತ್ತಾರೆ. ನಾವು ನಡುಮನೆಯಲ್ಲಿ ಓಡಾಡಬಹುದು, ಉಗ್ರಾಣದ ಬೀಗದಕೈ ಮಾತ್ರ ಅವರ ಹತ್ತಿರ. ಅದನ್ನು ನಮ್ಮ ಕೈಗೆ ತೆಗೆದುಕೊಳ್ಳುವುದೇ ರೂಟ್ ಮಾಡುವುದು. ಕಂಪನಿಯದನ್ನೇ ತೆಗೆದು ಬೇರೆಯವರು ಸಿದ್ಧಪಡಿಸಿದ್ದನ್ನು ತುಂಬಿದರೆ ಅದು ಕಸ್ಟಮ್ ರಾಮ್.

ಇದೆಲ್ಲ ಬರೀ ಹುಡುಗಾಟ ಎನ್ನಬೇಡಿ. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದುದು ನಿಮಗೂ ನೆನಪಿದ್ದೀತು. ಕನ್ನಡ ಓದಬೇಕೆಂಬ ಒಂದೇ ಆಸೆಗೆ ರೂಟ್ ಮಾಡಿ ಫಾಂಟು ತುಂಬಿಕೊಂಡವರಿದ್ದರು. 2012ರಲ್ಲಿ ಆಂಡ್ರಾಯ್ಡ್ 4.1 ಬಂದ ಮೇಲೆ ಆ ಕಷ್ಟ ತೀರುತ್ತ ಬಂತು. ಈಗಿನ ಲಾಭ ಬೇರೆ. ಕಂಪನಿ ಅಪ್‌ಡೇಟ್ ನಿಲ್ಲಿಸಿದ ಫೋನು ಎಷ್ಟೇ ಗಟ್ಟಿಯಾಗಿದ್ದರೂ ಚಿಲಕವಿಲ್ಲದ ಕಿಟಕಿಯಂತೆ. 2016ರ ಕೊನೆಗೆ ಶುರುವಾದ ಲಿನೇಜ್ ಓಎಸ್ ಎಂಬ ಉಚಿತ ಸಾಫ್ಟ್‌ವೇರ್ ಅಂಥ ಎಷ್ಟೋ ಫೋನುಗಳ ಆಯಸ್ಸು ಹೆಚ್ಚಿಸಿದೆ.

ಇನ್ನು ನಷ್ಟದ ಮಾತು. ಮೊಳಕಾಲ್ಮೂರಿನಲ್ಲಿರುವ ನನ್ನ ತಂಗಿಗೆ, ಮಗ್ಗದಿಂದ ಇಳಿದ ರೇಷ್ಮೆ ಸೀರೆಗಳ ಫೋಟೋ ತೆಗೆದು ಗಿರಾಕಿಗಳಿಗೆ ವಾಟ್ಸಾಪಿನಲ್ಲಿ ಕಳಿಸುವ ಕೆಲಸ. ಚಳ್ಳಕೆರೆಯ ಕಾಲೇಜಿಗೆ ಬರುವ ಅವಳ ಮಗ, ಹೋದ ಶ್ರಾವಣದಲ್ಲಿ, ಅದೂ ವ್ಯಾಪಾರದ ಸಮಯದಲ್ಲಿ, ಫೋನನ್ನು ರೂಟ್ ಮಾಡಿ ಬೇಡದ ಆಪ್‌ಗಳನ್ನೆಲ್ಲ ಕಿತ್ತುಹಾಕಿದ. ಫೋನು ಚುರುಕಾಯಿತು, ಸುಳ್ಳಲ್ಲ. ಆದರೆ ಫೋಟೋಗಳೆಲ್ಲ ಮಾಯ! ಬೂಟ್‌ಲೋಡರ್ ಎಂಬ ಬೀಗ ತೆಗೆದ ಕೂಡಲೇ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಫೋನು ಕದ್ದವನ ಕೈಗೆ ನಮ್ಮ ಗುಟ್ಟು ಸಿಗದಿರಲೆಂದು ಬೇಕೆಂದೇ ಮಾಡಿದ ಏರ್ಪಾಡು ಅದು. ಮರುದಿನ ಬ್ಯಾಂಕಿನ ಆಪ್ ತೆರೆದರೆ "ಈ ಫೋನು ಸುರಕ್ಷಿತವಲ್ಲ" ಎಂದು ಬಾಗಿಲು ಹಾಕಿಕೊಂಡಿತು. ಸೀರೆಯ ಮುಂಗಡ, ಗೃಹಲಕ್ಷ್ಮಿ ಹಣ ಎಲ್ಲ ಅದೇ ಖಾತೆಗೆ ಬರುವುದು. "ಅಕ್ಕಾ, ಪಾಸ್‌ಬುಕ್ ಹಿಡ್ಕಂಡು ಬ್ಯಾಂಕಿನಾಗೆ ನಿಂತ್ಕಣಂಗಾತು ನೋಡು" ಎಂದು ಅವಳ ಗೋಳು.

ಬ್ಯಾಂಕಿನವರ ಅಂಜಿಕೆಯೂ ಸರಿಯೇ. ಉಗ್ರಾಣದ ಬೀಗದಕೈ ಸಿಕ್ಕಿದ ಕೆಟ್ಟ ಆಪ್ ನಮ್ಮ ಪಿನ್ನು, ಓಟಿಪಿ ಎಲ್ಲವನ್ನೂ ಇಣುಕಿ ನೋಡಬಲ್ಲದು. ಕಂಪನಿಯ ಸಾಫ್ಟ್‌ವೇರನ್ನೇ ಮರಳಿ ತುಂಬಿ ಬೀಗ ಹಾಕಿದ ಮೇಲೆ ತಂಗಿಯ ಆಪ್ ತೆರೆಯಿತು. ಫೋಟೋಗಳು ಮಾತ್ರ ಹೋದದ್ದು ಹೋದವೇ.

ಹುಡುಗರಿಗೆ ಕಲಿಯುವ ಆಸೆಯಿದ್ದರೆ ಬೇಡ ಎನ್ನಬೇಡಿ. ಮೂಲೆಗೆ ಬಿದ್ದ ಹಳೇ ಫೋನು, ಸಿಮ್ಮು ತೆಗೆದು ಕೊಡಿ. ತುಂಬುವಾಗ ನಡುವೆ ಕಂಪ್ಯೂಟರಿನ ಕರೆಂಟು ಹೋದರೆ, ಅಥವಾ ಬೇರೆ ಮಾದರಿಯ ಫೈಲು ಹಾಕಿದರೆ, ಫೋನು "ಇಟ್ಟಿಗೆ" ಆಗುವುದುಂಟು (ಆ ಹುಡುಗರೇ ಇಟ್ಟ ಹೆಸರು). ನಮ್ಮ ಕಡೆಯ ಕರೆಂಟಿನ ವಿಷಯ ನಿಮಗೆ ಗೊತ್ತೇ ಇದೆ. ವಾರಂಟಿಯೂ ಹೋಗಬಹುದು. ಬ್ಯಾಂಕಿನ ಖಾತೆಯಿರುವ ಫೋನನ್ನಂತೂ ಮುಟ್ಟಗೊಡಬೇಡಿ. ಅದು ನಿಧಾನವಾಗಿದ್ದರೆ ಸೆಟ್ಟಿಂಗ್ಸಿಗೆ ಹೋಗಿ ಬಳಸದ ಆಪ್‌ಗಳನ್ನು ತೆಗೆದುಹಾಕಿ, ತೆಗೆಯಲು ಬಾರದವನ್ನು "ಡಿಸೇಬಲ್" ಮಾಡಿ. ವಾಟ್ಸಾಪಿನಲ್ಲಿ ತುಂಬಿರುವ ಶುಭೋದಯದ ವಿಡಿಯೋಗಳನ್ನು ಅಳಿಸಿದರೇ ಅರ್ಧ ಭಾರ ಇಳಿದೀತು!

ಜಿಬಿ ವಾಟ್ಸಾಪ್ ಹಾಕಿದರೆ ಅಳಿಸಿದ ಮೆಸೇಜೂ ಕಾಣುತ್ತೆ ಅಂತ ಅಕ್ಕಪಕ್ಕದವರು ಹೇಳಿಯಾರು. ಅದು ಯಾರೋ ತಿದ್ದಿದ ವಾಟ್ಸಾಪ್. ಹಾಕಿದರೆ ನಿಮ್ಮ ನಂಬರನ್ನೇ ವಾಟ್ಸಾಪಿನವರು ತಡೆಯಬಹುದು. ಮದುವೆಯ ಕರೆಯೋಲೆಯೆಂದು ಬರುವ ಎಪಿಕೆ ಫೈಲನ್ನೂ ಒತ್ತಬೇಡಿ. ಒತ್ತಿ ಹಣ ಹೋಗಿದ್ದರೆ ಮನೆಯವರು ಬೈದಾರೆಂದು ಮುಚ್ಚಿಡದೆ, ಬೇರೆ ಫೋನಿನಿಂದ ಆ ಕ್ಷಣವೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.