ಐರ್ಲೆಂಡಿನ ಮೇಷ್ಟ್ರು ಕೇಳಿದ ಪ್ರಶ್ನೆ

ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಎಂದೊಡನೆ ಭಕ್ತರಿಗೆ ನೆನಪಾಗುವುದು ಗರುಡ. ಚೆನ್ನಕೇಶವನ ಗುಡಿಯಲ್ಲಿ ದೇವರಿಗಿಂತ ವಾಹನಕ್ಕೇ ಹೆಸರು ಹೆಚ್ಚು! ಪುಸ್ತಕ ಓದುವವರಿಗೆ ಈ ಊರು ಇನ್ನೊಂದು ಕಾರಣಕ್ಕೂ ನೆನಪಾಗಬೇಕು. ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರ (1845-1914) ಹೆಸರಿನ ಮುಂದಿರುವ ‘ಬಿ’ ಈ ಬಿಂಡಿಗನವಿಲೆಯೇ. ಷೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ಈಶ್ವರಚಂದ್ರ ವಿದ್ಯಾಸಾಗರರು ಬಂಗಾಳಿಯಲ್ಲಿ ‘ಭ್ರಾಂತಿವಿಲಾಸ’ವೆಂಬ ಕಥೆ ಮಾಡಿದ್ದರು. ವೆಂಕಟಾಚಾರ್ಯರು ಅದನ್ನು ಕನ್ನಡಕ್ಕೆ ಇಳಿಸಿದರು. ಇಂಗ್ಲೆಂಡಿನ ಕಥೆ ಕಲ್ಕತ್ತೆಯನ್ನು ಬಳಸಿಕೊಂಡು ಮೈಸೂರು ಸೀಮೆಗೆ ಬಂದದ್ದು ಹೀಗೆ.

ಅದೇ ತಾಲ್ಲೂಕಿನ ಬೆಳ್ಳೂರು ಬಿ.ಎಂ. ಶ್ರೀಕಂಠಯ್ಯನವರ ಮನೆತನದ ಊರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅವರು ಇಂಗ್ಲಿಷ್ ಅಧ್ಯಾಪಕರು. ‘ಇಂಗ್ಲಿಷ್ ಗೀತಗಳು’ ಬರೆದು ಹೊಸಗನ್ನಡ ಕಾವ್ಯಕ್ಕೆ ದಾರಿ ಮಾಡಿಕೊಟ್ಟ ಬಿ.ಎಂ.ಶ್ರೀ. ಅವರೇ.

ಇವರಿಬ್ಬರೂ ಇಲ್ಲೇ ಇದ್ದು ಪಶ್ಚಿಮವನ್ನು ಮನೆಗೆ ಕರೆತಂದವರು. ಇದಕ್ಕೆ ತಿರುಗುಮುರುಗಾದ ಪ್ರಯಾಣವೂ ಒಂದಿದೆ. ಪಶ್ಚಿಮದಿಂದ ಹೊರಟು ಬಂದು, ಪರದೇಶದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಬದುಕಿದ ಒಬ್ಬರು, ಮೈಸೂರಿನಲ್ಲಿ ಕೇಳಿದ ಒಂದು ಪ್ರಶ್ನೆಯಿಂದ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿಹೋದರು. ಅವರು ಜೇಮ್ಸ್ ಕಸಿನ್ಸ್.

ಕಸಿನ್ಸ್ ಹುಟ್ಟಿದ್ದು 1873ರಲ್ಲಿ, ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ. ಚಿಕ್ಕ ವಯಸ್ಸಿಗೇ ಗುಮಾಸ್ತಗಿರಿ. ಆಮೇಲೆ ಡಬ್ಲಿನ್ನಿನಲ್ಲಿ ಶಾಲಾ ಮಾಸ್ತರಿಕೆ. ಜೊತೆಗೆ ಕವಿ, ನಾಟಕಕಾರ. ಯೇಟ್ಸ್ ಮೊದಲಾದವರ ಬಳಗದಲ್ಲಿ ಓಡಾಡಿದವರು. 1915ರಲ್ಲಿ ಆನಿಬೆಸೆಂಟರ ಕರೆಯ ಮೇಲೆ ಹೆಂಡತಿ ಮಾರ್ಗರೆಟ್ ಜೊತೆ ಮದ್ರಾಸಿಗೆ ಬಂದು ‘ನ್ಯೂ ಇಂಡಿಯಾ’ ಪತ್ರಿಕೆ ಸೇರಿದರು. ಮರುವರ್ಷ ಡಬ್ಲಿನ್ನಿನಲ್ಲಿ ಬ್ರಿಟಿಷರ ವಿರುದ್ಧ ದಂಗೆಯಾಯಿತು. ಅದನ್ನು ಮೆಚ್ಚಿ ಬರೆದದ್ದಕ್ಕೆ ಪತ್ರಿಕೆಯ ಕೆಲಸ ಹೋಯಿತು. ಕೆಲಸ ಹೋದ ಮೇಲೆ ಸಿಕ್ಕಿದ್ದು ಕೋಲಾರದ ಗಡಿಯಾಚೆಗಿನ ಮದನಪಲ್ಲಿಯ ಥಿಯಾಸಫಿಕಲ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ.

1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಟಾಗೋರರು ಆ ಕಾಲೇಜಿನ ಅತಿಥಿಯಾಗಿದ್ದರು. ‘ಜನಗಣಮನ’ವನ್ನು ಅಲ್ಲಿ ಹಾಡಿದರು, ಅಲ್ಲೇ ಇಂಗ್ಲಿಷಿಗೂ ತಂದರು. ಸಂಗೀತದಲ್ಲಿ ಪದವಿ ಪಡೆದಿದ್ದ ಮಾರ್ಗರೆಟ್ ಅದರ ಧಾಟಿಯನ್ನು ಸ್ವರಲಿಪಿಯಲ್ಲಿ ಬರೆದಿಟ್ಟರು. ಅದೇ ವರ್ಷ ಕಸಿನ್ಸ್ ಜಪಾನಿಗೆ ಹೊರಟರು. ಟೋಕಿಯೋದ ಕೆಯೋ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಕಾವ್ಯ ಬೋಧಿಸಿದರು. ಅವರ ಹೆಸರಿನ ಹಿಂದಿನ ‘ಡಾಕ್ಟರ್’ ಬೆಲ್‌ಫಾಸ್ಟಿನದೂ ಅಲ್ಲ, ಲಂಡನ್ನಿನದೂ ಅಲ್ಲ. ಆ ಜಪಾನಿ ವಿಶ್ವವಿದ್ಯಾನಿಲಯ ಕೊಟ್ಟ ಗೌರವ.

ಇಂಥವರು 1924ರಲ್ಲಿ ಮೈಸೂರಿಗೆ ಬಂದಿದ್ದಾಗ, ಮಲೆನಾಡಿನ ಕುಪ್ಪಳಿಯಿಂದ ಓದಲು ಬಂದಿದ್ದ ಹುಡುಗನೊಬ್ಬ ತನ್ನ ಇಂಗ್ಲಿಷ್ ಕವನಗಳನ್ನು ಹಿಡಿದುಕೊಂಡು ಭೇಟಿಗೆ ಹೋದ. ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಎರಡು ವರ್ಷ ಮೊದಲೇ, 1922ರಲ್ಲಿ, ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಪುಸ್ತಿಕೆ ಅಚ್ಚಾಗಿತ್ತು. ಆ ವಯಸ್ಸಿಗೆ ಅದು ಸಣ್ಣ ಸಾಧನೆಯಲ್ಲ. ಐರ್ಲೆಂಡಿನ ಕವಿ ಬೆನ್ನು ತಟ್ಟಿಯಾರು ಎಂದು ಹುಡುಗ ಕಾದಿದ್ದರೆ ತಪ್ಪೇನು?

ಬೆನ್ನು ತಟ್ಟಲಿಲ್ಲ. ಮುಂದೆ ಕುವೆಂಪು ಆದ ಆ ಹುಡುಗ ಈ ಭೇಟಿಯನ್ನು ತಮ್ಮ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಕೃತಿಯಲ್ಲಿ ಬರೆದುಕೊಂಡಿದ್ದಾರೆ. ತೊಟ್ಟಿದ್ದು ಖಾದಿ, ಮೈಮೇಲಿನದೆಲ್ಲ ಸ್ವದೇಶಿ. ಬರವಣಿಗೆ ಮಾತ್ರ ವಿದೇಶಿ! ಕಸಿನ್ಸರ ಕಣ್ಣಿಗೆ ಬಿದ್ದದ್ದು ಅದು. ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಎಂದು ಕೇಳಿದರು. ಕನ್ನಡದಲ್ಲಿ ಹೊಸ ಭಾವಗಳನ್ನು ಹೇಳುವ ಶಕ್ತಿ ಇಲ್ಲ, ಛಂದಸ್ಸಿನ ವೈವಿಧ್ಯ ಸಾಲದು ಎಂದು ಹುಡುಗ ವಾದಿಸಿದ. ಭಾಷೆಗೆ ಶಕ್ತಿ ಬರುವುದು ಅದನ್ನು ಬಳಸುವವರಿಂದ, ಬಂಗಾಳಿಯಲ್ಲಿ ಟಾಗೋರರು ಮಾಡಲಿಲ್ಲವೇ ಎಂಬ ಅರ್ಥದ ಉತ್ತರ ಬಂತು.

ಹುಡುಗನಿಗೆ ಒಳಗೇ ಬೇಸರವಾಯಿತು. ಆದರೆ ಮಾತು ನಾಟಿತ್ತು. ಅದೇ 1924ರಲ್ಲಿ ‘ಅಮಲನ ಕಥೆ’ ಕನ್ನಡದಲ್ಲಿ ಹೊರಬಂತು.

ಪೊಟಾಸಿಯಂ ಕ್ಲೋರೇಟನ್ನು ಕಾಯಿಸಿ ಆಮ್ಲಜನಕ ತಯಾರಿಸುವಾಗ ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಬೆರೆಸುವುದನ್ನು ಪ್ರೌಢಶಾಲೆಯ ಮಕ್ಕಳು ಓದಿರುತ್ತಾರೆ. ಕ್ರಿಯೆಯ ವೇಗ ಹೆಚ್ಚುತ್ತದೆ, ಬೆರೆಸಿದ ವಸ್ತು ಹಾಗೇ ಉಳಿಯುತ್ತದೆ. ಕಸಿನ್ಸರನ್ನು ಅಂಥ ಕ್ರಿಯಾವರ್ಧಕ ಎನ್ನಬಹುದಿತ್ತು. ಆದರೆ ಅವರು ಹಾಗೇ ಉಳಿಯಲಿಲ್ಲ. 1937ರಲ್ಲಿ ಹಿಂದೂ ಧರ್ಮ ಸ್ವೀಕರಿಸಿ ಜಯರಾಮ ಎಂಬ ಹೆಸರನ್ನೂ ಪಡೆದರು. ಸೇತುವೆಯ ಮೇಲೆ ನಿಂತು ಇತರರನ್ನು ದಾಟಿಸಿದ್ದಷ್ಟೇ ಅಲ್ಲ, ತಾವೂ ದಾಟಿದರು.

ಇಂಗ್ಲಿಷ್ ಕಲಿಸಿ ಅನ್ನ ತಿನ್ನುತ್ತಿದ್ದ ಮೇಷ್ಟ್ರಿಗೆ ಹೀಗೆ ಕೇಳಬೇಕೆಂದು ಯಾಕೆ ಹೊಳೆಯಿತು? ಉತ್ತರ ಅವರ ನಾಡಿನ ಚರಿತ್ರೆಯಲ್ಲಿರಬಹುದು. ಹತ್ತೊಂಬತ್ತನೆಯ ಶತಮಾನದ ಐರ್ಲೆಂಡಿನಲ್ಲಿ ಎಷ್ಟೋ ಮಕ್ಕಳ ಕೊರಳಿಗೆ ಒಂದು ಕಡ್ಡಿ ಕಟ್ಟುತ್ತಿದ್ದರು. ಐರಿಷ್ ಮಾತೊಂದು ಬಾಯಿಂದ ಬಂದರೆ ಕಡ್ಡಿಯ ಮೇಲೊಂದು ಗೀರು. ಸಂಜೆಗೆ ಗೀರುಗಳನ್ನೆಣಿಸಿ ಅಷ್ಟು ಏಟು. ಇದಕ್ಕೆ ತಂದೆತಾಯಿಗಳ ಒಪ್ಪಿಗೆಯೂ ಇರುತ್ತಿತ್ತು ಎಂಬುದೇ ಸಂಕಟದ ಸಂಗತಿ. ಅವರೇನು ಕೆಟ್ಟವರಲ್ಲ. ಬರಗಾಲ ಕಂಡವರು, ಮಕ್ಕಳು ಇಂಗ್ಲಿಷ್ ಕಲಿತು ಅಮೆರಿಕಕ್ಕೆ ಹೋಗಿಯಾದರೂ ಬದುಕಲಿ ಎಂದು ಬಯಸಿದವರು. ಮಕ್ಕಳು ಬದುಕಿದರು, ಭಾಷೆ ಪಡುವಣ ಕರಾವಳಿಯ ಕೆಲವು ಮೂಲೆಗಳಿಗೆ ಸರಿಯಿತು. ಕಸಿನ್ಸ್ ಅವರ ಮನೆಮಾತೂ ಇಂಗ್ಲಿಷೇ. ತಮ್ಮ ನಾಡಿನ ಹಳೆಯ ಪುರಾಣಕಥೆಗಳನ್ನು ಅವರು ಬರೆದದ್ದೂ ಇಂಗ್ಲಿಷಿನಲ್ಲೇ. ಕಳೆದುಕೊಂಡ ಊರಿನಿಂದ ಬಂದವರಿಗೆ, ಇನ್ನೂ ಕಳೆದುಕೊಳ್ಳದವರ ಕೈಯಲ್ಲಿ ಏನಿದೆ ಎಂಬುದು ಬೇಗ ಕಾಣುತ್ತದೆ.

ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳ ಸುದ್ದಿ ಇಲ್ಲೂ ಆಗಾಗ ಬಂದಿದೆ. ಮನೆಯಲ್ಲೂ ಇಂಗ್ಲಿಷೇ ಇರಲಿ ಎಂದು ಅಜ್ಜಿಯ ಬಾಯಿ ಮುಚ್ಚಿಸುವ ಪೋಷಕರೂ ಉಂಟು. ಅವರೂ ಕೆಟ್ಟವರಲ್ಲ. ಹಾಗೆಂದು ಇಂಗ್ಲಿಷನ್ನು ದೂರುವುದೂ ಸಲ್ಲ. ಆ ಹುಡುಗನಿಗೆ ಇಂಗ್ಲಿಷ್ ಬಾರದಿದ್ದರೆ ಕಸಿನ್ಸರೊಡನೆ ಮಾತೇ ಆಗುತ್ತಿರಲಿಲ್ಲ. 1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದಾಗ ಆತ ಮೊದಲ ತಂಡದಲ್ಲೇ ಸೇರಿದ. ಅಲ್ಲಿ ಪಾಠ ಹೇಳಿದವರಲ್ಲಿ ಒಬ್ಬರು, ಇಂಗ್ಲಿಷ್ ಪ್ರಾಧ್ಯಾಪಕರೇ ಆಗಿದ್ದ ಬೆಳ್ಳೂರಿನ ಬಿ.ಎಂ.ಶ್ರೀ.

1955ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯಕ್ಕಾಗಿ ಕುವೆಂಪು ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮರುವರ್ಷದ ಫೆಬ್ರವರಿಯಲ್ಲಿ ಕಸಿನ್ಸ್ ಮದನಪಲ್ಲಿಯಲ್ಲೇ ತೀರಿಕೊಂಡರು.