‘ವೀಜಳಿ’ ಮುಳುಗಿದ್ದಕ್ಕೆ ಕಪ್ತಾನನೊಬ್ಬನೇ ಹೊಣೆಯೆ?

1888ರ ನವೆಂಬರಿನಲ್ಲಿ ಕಚ್ಛದ ಮಾಂಡವಿಯಿಂದ ಮುಂಬಯಿಗೆ ಹೊರಟು, ಸೌರಾಷ್ಟ್ರದ ಕಡಲಲ್ಲಿ ಕಾಣೆಯಾದ, ಜನ ‘ವೀಜಳಿ’ ಎಂದು ಕರೆದ ‘ವೈತರ್ಣಾ’ ಹಡಗಿನ ಸಾವುಗಳಿಗೆಲ್ಲ ಕಪ್ತಾನ ಕಾಸಮನ ಹಟವೇ ಕಾರಣವೆಂಬ ವಾದವೊಂದಿದೆ. ಬಿರುಗಾಳಿಯಲ್ಲಿ ಹಡಗು ನಡೆಸಿದವನು ಅವನೇ, ಒಪ್ಪೋಣ. ಆದರೆ ಬದುಕಿ ಬಂದು ಸಾಕ್ಷಿ ಹೇಳಿದವರು ಒಬ್ಬರೂ ಇಲ್ಲ. ಹಟದ ಕತೆ ಹೇಳಿದವರು ಯಾರು? ಲಾವಣಿಕಾರರಿರಬೇಕು. ರಕ್ಷಣಾ ದೋಣಿ, ಜಾಕೆಟ್‌ಗಳು ಸಾಲದಾಗಿದ್ದವೆಂದು ಅಂದಿನ ವಿಚಾರಣೆಯೇ ಕಂಡುಕೊಂಡಿತ್ತು. ಜನ ‘ವೀಜಳಿ’ ಎಂದು ಬೆರಗಾಗುವಂತೆ ವಿದ್ಯುದ್ದೀಪ ಹಾಕಿಸಿದ ಮಾಲೀಕರಿಗೆ ಜಾಕೆಟ್ ದುಬಾರಿಯಾಯಿತೆ?

ನಮ್ಮ ಕಾಲದ ಒಂದು ದುರಂತದೊಡನೆ ಇದನ್ನು ಹೋಲಿಸಿ ನೋಡೋಣ: ವಡೋದರದ ಹರಣಿ ಕೆರೆಯಲ್ಲಿ 2024ರ ಜನವರಿ 18ರಂದು ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಅಲ್ಲೂ ಬಹಳ ಮಕ್ಕಳಿಗೆ ಜಾಕೆಟ್ ಇರಲಿಲ್ಲ. ಪೊಲೀಸರು ಗುತ್ತಿಗೆ ಸಂಸ್ಥೆಯ ಪಾಲುದಾರರನ್ನೂ ಬಂಧಿಸಿದರು. 1888ಕ್ಕೂ ಅದೇ ಅಳತೆಗೋಲು ಇರಲಿ.