ಬೇಲಿ ಮರವಾದಾಗ ಬುಡದಿಂದಲೇ ತೆಗೆಯಬೇಕು

ಬ್ರಿಟನ್ನಿನಲ್ಲಿ ಹಳೆಯ ಮನೆ ಕೊಂಡವರಿಗೆ, ಅಲ್ಲಿ ನೆಲೆಸಿದ ಕನ್ನಡಿಗರಿಗೂ ಸಹ, ಹಿಂದಿನವರು ನೆಟ್ಟ ಬೇಲಿ ಮನೆಯ ಜೊತೆಗೇ ಬರುತ್ತದೆ. ಎಷ್ಟೋ ಹಿತ್ತಿಲುಗಳಲ್ಲಿ ಅದು ಲೇಲ್ಯಾಂಡ್ ಸೈಪ್ರೆಸ್ ಮರಗಳ ಸಾಲು. ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮೀಟರ್ ಏರುವ, ಬಿಟ್ಟರೆ 30 ಮೀಟರ್ ದಾಟಬಲ್ಲ ಮರವನ್ನು ಸಣ್ಣ ಹಿತ್ತಿಲಿನ ಅಂಚಿಗೆ ನೆಟ್ಟದ್ದೇ ತಪ್ಪು. ಕೈಮೀರಿದ ಸಾಲನ್ನು ವರ್ಷವರ್ಷವೂ ಸವರುತ್ತ ಕೂರುವುದಕ್ಕಿಂತ ಬುಡದಿಂದ ತೆಗೆದು ಬೇರೆ ಬೇಲಿ ಬೆಳೆಸುವುದೇ ಸರಿ ಎಂದು ನಾನು ವಾದಿಸುತ್ತೇನೆ.

ಈ ಮರ ಯಾವ ಕಾಡಿನದೂ ಅಲ್ಲ. ಇದರ ಒಂದು ಮೂಲ ಕ್ಯಾಲಿಫೋರ್ನಿಯಾ ಕಡಲಂಚಿನ ಮಾಂಟೆರೇ ಸೈಪ್ರೆಸ್. ಇನ್ನೊಂದು ಅಲಾಸ್ಕಾವರೆಗೂ ಹಬ್ಬಿರುವ ನೂಟ್ಕಾ ಸೈಪ್ರೆಸ್. ತವರಿನಲ್ಲಿ ಎಂದೂ ಕೂಡದ ಇವೆರಡು 1888ರಲ್ಲಿ ವೇಲ್ಸ್‌ನ ಲೇಟನ್ ಹಾಲ್ ಎಸ್ಟೇಟಿನಲ್ಲಿ ಬೆರೆತು ಈ ಮಿಶ್ರತಳಿ ಹುಟ್ಟಿತು. ಬೇಗ ಮರೆ ಕೊಡುತ್ತದೆಂದು ಜನ ಇದನ್ನು ಮೆಚ್ಚಿದರು, ಆದರೆ ಇದರ ಬೆಳವಣಿಗೆಗೆ ನಿಲುಗಡೆಯಿಲ್ಲ. ನಮ್ಮ ದಾಸವಾಳದ ಬೇಲಿಯನ್ನು ಮೊಣಕಾಲುದ್ದಕ್ಕೆ ಕಡಿದರೂ ಮತ್ತೆ ಚಿಗುರುತ್ತದೆ. ಲೇಲ್ಯಾಂಡ್ ಹಾಗಲ್ಲ. ಹಸಿರೆಲ್ಲ ಹೊರಪದರದಲ್ಲಿದ್ದು ಒಳಗಿನ ಕಂದು ಕೊಂಬೆಗಳು ಬೋಳಾಗಿರುತ್ತವೆ. ಆ ಹಳೆಯ ಕಟ್ಟಿಗೆಯವರೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರು ಬಾರದು. ಹಾಗಾಗಿ ಮೇಲ್ಮೈ ಸವರಬಹುದೇ ಹೊರತು ಅಗಲವನ್ನು ಹಿಂದಕ್ಕೆ ತರಲಾಗದು. ಪ್ರತಿ ವರ್ಷ ಹಿತ್ತಿಲಿನ ಒಂದಿಷ್ಟು ನೆಲ ಅದರ ಪಾಲಾಗುತ್ತದೆ. ಅದರ ಬುಡದ ಒಣ, ಕತ್ತಲ ಮಣ್ಣಿನಲ್ಲಿ ಬೇರೆ ಗಿಡ ಏಳುವುದು ಕಷ್ಟ. ಬೇಲಿಯೇ ಎದ್ದು ಹೊಲ ಮೇಯಿತೆಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಕಾನೂನು ಇದೆಯಲ್ಲ ಎನ್ನಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ಗಾಗಿ 2003ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ, 2 ಮೀಟರ್ ಮೀರಿದ ನಿತ್ಯಹಸಿರು ಬೇಲಿ ಬೆಳಕು ತಡೆದರೆ ನೆರೆಮನೆಯವರು ಸ್ಥಳೀಯ ಆಡಳಿತಕ್ಕೆ ದೂರು ಕೊಡಬಹುದು. ಆದರೆ ಆಡಳಿತ ಎತ್ತರ ಇಳಿಸಲು ಹೇಳಬಹುದೇ ವಿನಾ ಬೇಲಿಯನ್ನೇ ತೆಗೆಯಲು ಆದೇಶಿಸುವಂತಿಲ್ಲ. ಇಳಿಸಿದ ಮರ ಮತ್ತೆ ಏರುತ್ತದೆ, ಜಗಳವೂ ಅದರೊಂದಿಗೆ. ಬೇರು ಸಮೇತ ಮುಗಿಸುವ ನಿರ್ಧಾರ ಕೊನೆಗೂ ಮಾಲೀಕರದೇ.

ಮರ ಕಡಿಯುವುದು ತಪ್ಪಲ್ಲವೇ ಎಂಬುದು ಗೌರವಿಸಬೇಕಾದ ಆಕ್ಷೇಪ. 1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಮರಗಳನ್ನು ಅಪ್ಪಿಕೊಂಡು ನಿಂತ ನಾಡಿನವರಿಗೆ ಕೊಡಲಿಯ ಮಾತು ಕಸಿವಿಸಿ ತರುವುದು ಸಹಜ. ಆದರೆ ಆ ಅಪ್ಪಿಕೋ ಚಳವಳಿ ಬರೀ ಮರದ ಲೆಕ್ಕಕ್ಕಾಗಿ ನಡೆದದ್ದಲ್ಲ; ಸಹಜ ಕಾಡು ಅಳಿದು ತೇಗದಂಥ ಒಂದೇ ಜಾತಿಯ ನೆಡುತೋಪು ಬರುವುದನ್ನೂ ಅದು ಪ್ರಶ್ನಿಸಿತ್ತು. ಲೇಲ್ಯಾಂಡ್ ಸಾಲು ಹಿತ್ತಿಲಿನ ಒಂದೇ ಜಾತಿಯ ತೋಪು. ಹಕ್ಕಿಗಳು ಅದರಲ್ಲೂ ಗೂಡು ಕಟ್ಟುತ್ತವೆ, ಇದನ್ನು ಒಪ್ಪಲೇಬೇಕು. ಆದ್ದರಿಂದಲೇ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕೊಡಲಿ ಎತ್ತಬಾರದು. ಬಳಕೆಯಲ್ಲಿರುವ ಗೂಡನ್ನು ಕೆಡಿಸುವುದು ಬ್ರಿಟನ್ನಿನಲ್ಲಿ 1981ರ ವನ್ಯಜೀವಿ ಕಾಯ್ದೆಯಡಿ ಅಪರಾಧ ಕೂಡ. ಇನ್ನೊಂದು ಆಕ್ಷೇಪ ಅಡಿಪಾಯದ್ದು, ಮತ್ತು ಇದು ನನ್ನ ವಾದಕ್ಕೆ ಮಿತಿ ಹಾಕುತ್ತದೆ. ಜೇಡಿಮಣ್ಣಿನಲ್ಲಿ ದೊಡ್ಡ ಮರಗಳು ಹೋದರೆ ಅವು ಹೀರುತ್ತಿದ್ದ ನೀರು ಉಳಿದು ಮಣ್ಣು ಉಬ್ಬಬಹುದು. ಸಾಲು ಗೋಡೆಗೆ ಹತ್ತಿರವಿದ್ದರೆ ತಜ್ಞರನ್ನು ಕೇಳದೆ ಗರಗಸ ಹಚ್ಚಬಾರದು.

ಮರೆ ಹೋಗುತ್ತದಲ್ಲ ಎಂಬ ಚಿಂತೆ ಕೆಲವೇ ವರ್ಷಗಳದ್ದು. ಕಡಿದ ಬುಡ ಮತ್ತೆ ಚಿಗುರದ ಕಾರಣ ವಿಷ ಸುರಿಯಬೇಕಿಲ್ಲ. ಮಣ್ಣಿಗೆ ಗೊಬ್ಬರ ಕೂಡಿಸಿ, ನವೆಂಬರ್‌ನಿಂದ ಮಾರ್ಚ್‌ವರೆಗೆ ಅಗ್ಗಕ್ಕೆ ಸಿಗುವ, ಕುಂಡವಿಲ್ಲದ ಬರಿಬೇರಿನ ಸಸಿಗಳನ್ನು ನೆಡಬಹುದು: ಹಾಥಾರ್ನ್, ಹಾರ್ನ್‌ಬೀಮ್, ಹೇಜಲ್. ಅವು ಎದೆಮಟ್ಟ ಬರುವ ತನಕ ಹಲಗೆಯ ಬೇಲಿ ಸಾಕು. ಹಾಥಾರ್ನ್ ಮೇ ತಿಂಗಳಲ್ಲಿ ಬಿಳಿ ಹೂ ಬಿಡುತ್ತದೆ. ಚಳಿಗಾಲದಲ್ಲಿ ಅದರ ಕೆಂಪು ಹಣ್ಣಿಗೆ ಹಕ್ಕಿಗಳು ಬರುತ್ತವೆ, ಮತ್ತು ಎಲೆ ಉದುರಿದ ಕೊಂಬೆಗಳ ನಡುವಿನಿಂದ ಡಿಸೆಂಬರ್‌ನ ಅಷ್ಟಿಷ್ಟು ಬಿಸಿಲು ಪಕ್ಕದ ಮನೆಯ ಅಡುಗೆಮನೆಗೂ ತಲುಪುತ್ತದೆ.